ಸುಮ್ಮನೆ ಕೂರುವ ಪಾತ್ರ

ಇವತ್ತು ಮುಂಜಾನೆ ಮಿರ್ಚಿಯ ಹಿಟ್ಟಿಗೆ ಉಪ್ಪು ಹಾಕುವಾಗ ಕೈ ತಡೆಯಿತು. ಹೀಗೆ ತಡೆದಾಗಲೆಲ್ಲ ನಾನು ಡಾಕ್ಟರರಿಗೆ ಪಾಠ ಹೇಳಿದ ದಿನ ನೆನಪಾಗುತ್ತದೆ. ನಗಬೇಡಿ. ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೂ ಹೇಳಿದ್ದು ನಿಜ.

ಕೊಪ್ಪಳದಲ್ಲಿ ಆಸ್ಪತ್ರೆಯೊಂದರ ಎದುರು ನನ್ನ ಮಿರ್ಚಿ ಬಜ್ಜಿಯ ತಳ್ಳುಗಾಡಿ. ತಮ್ಮ ಬಸವರಾಜನಿಗೆ ಅಲ್ಲಿಯೇ ಮನಸ್ಸಿನ ಕಾಯಿಲೆಗೆ ಔಷಧಿ. ಕೆಲವು ವರ್ಷಗಳ ಹಿಂದೆ ಅವನನ್ನು ನೋಡುವ ಹಿರಿಯ ಡಾಕ್ಟರು ಮಿರ್ಚಿ ತಿನ್ನುತ್ತ ಅಂದರು: "ನಮ್ಮ ಕಲಿಯೋ ಡಾಕ್ಟರ್ ಹುಡುಗ್ರು ಪುಸ್ತಕ ಭಾಳ ಓದ್ಯಾರ. ಮಾತಾಡಿ ಕಲೀಬೇಕು. ನೀವು ಪೇಶಂಟ್ ಆಗಿ ಕುಂದರ್ರಿ, ಅವರು ಕೇಳ್ತಾರ."

ಊರ ನಾಟಕದಲ್ಲಿ ಬಣ್ಣ ಹಚ್ಚಿದವನಿಗೆ ಇನ್ನೇನು ಬೇಕು? ತಲೆ ಕೆದರಿಕೊಂಡೆ, ಅಂಗಿಯ ಗುಂಡಿ ಬಿಚ್ಚಿದೆ, ಕಣ್ಣು ತಿರುಗಿಸಿ ಗಹಗಹಿಸಿದೆ. ಎಳೆಯ ಡಾಕ್ಟರರು ಗಾಬರಿಯಾದರು. ಹಿರಿಯರು ಕೇಳಿದರು, "ನಿಮ್ಮ ತಮ್ಮ ಹಿಂಗ ಮಾಡ್ತಾನೇನ್ರಿ?"

"ಇಲ್ರಿ. ಅಂವ ಸುಮ್ನ ಕುಂತಿರ್ತಾನ."

"ಹಂಗಾರ ಸುಮ್ನ ಕುಂದರ್ರಿ. ಇವತ್ತು ನೀವ ಬಸವರಾಜ."

ಅಷ್ಟು ಕಷ್ಟದ ಪಾತ್ರ ನಾನು ಮಾಡಿರಲಿಲ್ಲ. ಒಬ್ಬರು ಕೇಳುವುದು, ಉಳಿದವರು ನೋಡಿ ತಪ್ಪಿದ್ದೇನು ಎಂದು ಹೇಳುವುದು, ಹೀಗೆ ಸರದಿ ನಡೆಯಿತು. ನಿದ್ದೆ ಕೇಳಿದರು, ಊಟ ಕೇಳಿದರು. ಕೊನೆಗೆ ಕುಷ್ಟಗಿ ಕಡೆಯ ಡಾಕ್ಟರ್ ಹುಡುಗಿ ಕುರ್ಚಿ ಎಳೆದುಕೊಂಡಳು.

"ಮನ್ಯಾಗ ನಿಮ್ಮ ಜೋಡಿ ಯಾರು ಮಾತಾಡ್ತಾರ್ರಿ?"

"ನಮ್ಮಣ್ಣ" ಎಂದೆ, ಎದೆಯುಬ್ಬಿಸಿ.

"ಏನಂತಾರ?"

ಹುಡುಕಿದೆ. ಸಿಕ್ಕಿದ್ದು ಒಂದೇ. "ಗುಳಗಿ ತಗೊಂಡ್ಯಾ, ಅಂತಾನ್ರಿ."

"ಮತ್ತ?"

ಮತ್ತೇನೂ ಇರಲಿಲ್ಲ. ಗಿರಾಕಿಗಳ ಜೊತೆ ದಿನವಿಡೀ ಹರಟುವ ನಾನು ತಮ್ಮನಿಗೆ ಅದೊಂದು ಮಾತು ಉಳಿಸಿದ್ದೆ. ಹುಡುಗಿ ಬೇರೆ ಪ್ರಶ್ನೆ ಹಾಕದೆ ಕಾದಳು. "ಕಾಯ್ದದ್ದು ಛಲೋ ಆತು ನೋಡವ್ವ" ಎಂದರು ಹಿರಿಯರು. ನಾನು ಅಂಗಿಯ ಗುಂಡಿ ಹಾಕಿಕೊಂಡೆ.

ಸಂಜೆ ನಮ್ಮೂರು ಹಿಟ್ನಾಳದ ಮನೆಗೆ ಮಿರ್ಚಿ ಕಟ್ಟಿಕೊಂಡು ಹೋದೆ. ಬಾಯಿ ತೆರೆದರೆ ರೂಢಿಯಂತೆ ಗುಳಗಿಯೇ ನಾಲಿಗೆಗೆ ಬಂತು. ನುಂಗಿಕೊಂಡು, "ಮಿರ್ಚಿ ಹೆಂಗ ಆಗ್ಯಾವೋ ಬಸ್ಯಾ?" ಎಂದೆ.

ಅವನು ಬಹಳ ಹೊತ್ತು ಅಗಿದ. "ಉಪ್ಪು ಕಮ್ಮಿ ಐತಿ."

"ಇವತ್ತಷ್ಟ ಏನು?"

"ಮೊದಲಿಂದನೂ."

ಕೊಪ್ಪಳಕ್ಕೇ ನನ್ನದು ಮೊದಲನೇ ಮಿರ್ಚಿ ಎಂದು ಬೀಗುತ್ತಿದ್ದವನು ನಾನು.

ಈಗ ಅವನು ಗಾಡಿಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಮಾತು ಇಂದಿಗೂ ಕಡಿಮೆಯೇ. ಇವತ್ತು ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿ, "ಇನ್ನೊಂದು ಚಿಟಿಕಿ ಹಾಕಣ್ಣ" ಎಂದ. ಆಮೇಲೆ ನನ್ನ ಬಿಪಿ ನೆನಪಾಯಿತೇನೋ, ಕೇಳಿದ:

"ಗುಳಗಿ ತಗೊಂಡ್ಯಾ?"

ಮರೆತಿದ್ದೆ.