ಬ್ರೇಕಿಗೆ ಬಿಟ್ಟ ಎಣ್ಣೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ಆಗೆಲ್ಲ ಬೆಳಗಾದರೆ ಮಗ್ಗದ ಸಪ್ಪಳ. ಆ ಸಪ್ಪಳದ ನಡುವೆ ಏನಾದರೂ ಕಿರ್ ಅಂದರೆ ಸಾಕು, ಮನೆಯವರೊಬ್ಬರು ಎಣ್ಣೆಡಬ್ಬಿ ಹಿಡಿದು ಎದ್ದೇಬಿಡುತ್ತಿದ್ದರು. ಮಗ್ಗವಿರಲಿ, ಬಾಗಿಲಿರಲಿ, ಬಾವಿಯ ಗಾಲಿಯಿರಲಿ, ಕಿರುಗುಟ್ಟುವುದಕ್ಕೆಲ್ಲ ಎಣ್ಣೆಯೇ ಮದ್ದು. ಅಪ್ಪನ ತಮ್ಮ, ನಮ್ಮ ಕಾಕಾ, ಈ ವಿದ್ಯೆಯನ್ನು ಒಂದು ದಸರೆಯಲ್ಲಿ ಅಪ್ಪನ ಮೋಟರ್‌ಸೈಕಲ್ಲಿನ ಮೇಲೂ ತೋರಿಸಿದ. ಅದರ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಆರನೆಯ ಇಯತ್ತೆ. ಹುನಗುಂದದ ಗುಮಾಸ್ತರೊಬ್ಬರು ಓಡಿಸಿ ಬಿಟ್ಟ ಗಾಡಿಯನ್ನು ಅಪ್ಪ ತಂದಿದ್ದ. ಮುಂದಿನ ಬ್ರೇಕು ಹೆಸರಿಗಷ್ಟೇ. ಹಿಂದಿನದು ಗಟ್ಟಿ ಹಿಡಿಯುತ್ತಿತ್ತು, ಆದರೆ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಖಂಡೆನವಮಿ, ಅಂದರೆ ಆಯುಧಪೂಜೆಯ ಮುಂಜಾನೆ ಅಪ್ಪ ಮಗ್ಗ ಒರೆಸುತ್ತಿದ್ದ, ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಅಂಗಳದಲ್ಲಿ ಗಾಡಿ ತೊಳೆದ ಕಾಕಾ, ಹಿಂದಿನ ಗಾಲಿಯ ಬ್ರೇಕ್ ಡ್ರಮ್ಮಿನ ಸಂದಿಗೆ ಮಗ್ಗದ ಎಣ್ಣೆಡಬ್ಬಿಯ ಉದ್ದ ಮೂಗು ತೂರಿಸಿ ಹೊಟ್ಟೆತುಂಬ ಎಣ್ಣೆ ಕುಡಿಸಿದ.

ಸೈಕಲ್ಲಿನ ರಿಮ್ಮಿಗೆ ಎಣ್ಣೆ ಹತ್ತಿ, ಬ್ರೇಕು ಜಾರಿ, ಗಟಾರಕ್ಕೆ ಬಿದ್ದು ಮೊಣಕಾಲು ಕೆತ್ತಿಸಿಕೊಂಡವಳು ನಾನು. ಸುಮ್ಮನೆ ಹೇಗಿರಲಿ?

“ಬ್ರೇಕಿಗಿ ಎಣ್ಣಿ ಬಿಟ್ರ ಹಿಡಿಯೂದಿಲ್ಲ ಕಾಕಾ.”

“ಹುಡುಗ್ಯಾರಿಗೆ ಗಾಡಿ ಉಸಾಬರಿ ಯಾಕ? ಹೋಗು, ರಂಗೋಲಿ ಹಾಕು.”

ಅಪ್ಪನಿಗೆ ಹೇಳಿದೆ. ಆದರೆ ಅಷ್ಟರಲ್ಲಿ ಲಾಳಿ, ಕತ್ತರಿಗಳ ಜೊತೆ ಗಾಡಿಯ ನಟ್ಟು ಬಿಚ್ಚುವ ಪಾನಾ ಕೂಡ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತುಬಿಟ್ಟಿತ್ತು. ಪೂಜೆಗಿಟ್ಟದ್ದನ್ನು ಮರುದಿನ ಇಳಿಸುವ ತನಕ ಯಾರೂ ಮುಟ್ಟುವಂತಿಲ್ಲ. ನಾಳೆ ಪೂಜೆ ಇಳಿಸಿ ಬಿಚ್ಚಿ ನೋಡೋಣ ಅಂದ ಅಪ್ಪ. ನನಗೆ ತಡೆಯಲಿಲ್ಲ. ಸಂಜೆ ಚೆಂಡುಹೂವಿನ ನಡುವಿನಿಂದ ಪಾನಾ ತೆಗೆದುಕೊಂಡು ಹೊರಟೆ. ಹೊಸ್ತಿಲಲ್ಲೇ ಅಪ್ಪನ ತಾಯಿ, ನಮ್ಮ ಆಯಿ, ಹಿಡಿದು ಕಪಾಳಕ್ಕೆ ಬಾರಿಸಿದಳು. ಪಾನಾ ಮತ್ತೆ ಮಣೆ ಏರಿತು.

ಬೆಳಗ್ಗೆ ಪೂಜೆ ಇಳಿಸುವುದಕ್ಕೂ ಮೊದಲೇ ಬನ್ನಿ ತಂದುಬಿಡು ಎಂದು ಆಯಿ ಅಪ್ಪನನ್ನು ಹೊಲದ ಕಡೆ ಅಟ್ಟಿದಳು. ಸಾವಕಾಶ ಹೋಗಿ ಬರ್ತೇನಿ ಎಂದು ನನ್ನ ತಲೆ ಸವರಿ ಅದೇ ಗಾಡಿಯ ಮೇಲೆ ಹೋದ. ವಾಪಸು ಬರುವಾಗ ಇಳಿಜಾರಿನಲ್ಲಿ ಕುರಿ ಅಡ್ಡ ಬಂದವಂತೆ. ಎಷ್ಟು ತುಳಿದರೂ ಬ್ರೇಕು ಹಿಡಿಯಲಿಲ್ಲ. ಕುರಿ ಉಳಿಸಲು ಹೋಗಿ ಕಲ್ಲಿನ ಮೇಲೆ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು.

“ಪೂಜಿಗಿಟ್ಟ ಪಾನಾ ಮುಟ್ಟಿದ್ಲು, ಅದಕ್ಕ ಹಿಂಗಾತು,” ಎಂದು ಮೊದಲು ಬಾಯಿಬಿಟ್ಟವನು ಕಾಕಾನೇ. ಆಯಿ ಹೌದೆಂದಳು. ಸಂಜೆಯೊಳಗೆ ಓಣಿಯೆಲ್ಲ ಹೌದೆಂದಿತು. ಅಪ್ಪ ಇನ್ನೂ ದವಾಖಾನೆಯಲ್ಲಿದ್ದ. ನಾನು ಕಾಕಾನ ಕೈಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, ಬಂಗಾರದಂಗ ಇರೂಣು ಅನ್ನಬೇಕಾಯಿತು. ಆ ಎಲೆಗಳನ್ನು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತ್ತು.

ಮುಂದಿನ ವಾರ ಅಪ್ಪ ಪ್ಲಾಸ್ಟರಿನ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತ. ಅವನು ಹೇಳಿದಂತೆ ನಾನೇ ಪಾನಾ ಹಿಡಿದು, ಬ್ರೇಕಿನ ಸರಳು ಬಿಡಿಸಿ, ಅಚ್ಚು ಎಳೆದು ಗಾಲಿ ಕಳಚಿದೆ. ಡ್ರಮ್ಮು ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಬ್ರೇಕ್ ಶೂ ಎರಡೂ ಮಿರಮಿರ ಮಿಂಚುತ್ತಿದ್ದವು. ಅಪ್ಪ ಬೆರಳಿಂದ ಒರೆಸಿ ಮೂಸಿದ. ಅದು ಮಗ್ಗದ ಎಣ್ಣೆಯೆಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ. ಪೆಟ್ರೋಲಿನಲ್ಲಿ ಡ್ರಮ್ಮು ತೊಳೆದೆ. ಶೂಗಳನ್ನು ಪಾಲಿಶ್ ಪೇಪರಿನಿಂದ ಎಷ್ಟು ತಿಕ್ಕಿದರೂ ಎಣ್ಣೆ ಜಿನುಗುತ್ತಲೇ ಇತ್ತು. ಕೊನೆಗೆ ಹೊಸ ಜೋಡಿ ತರಿಸಿ ಕೂಡಿಸಿದೆವು.

“ಈಗರ ಎಲ್ಲಾರಿಗೂ ಹೇಳಪ್ಪಾ,” ಅಂದೆ.

“ಬ್ಯಾಡವ್ವಾ. ನಿಮ್ಮ ಕಾಕಾ ಮನಸಿಗಿ ಹಚ್ಚಿಕೊಂತಾನ. ನೀ ಸಣ್ಣಾಕಿ, ಮರತಬಿಡ್ತಿ.”

ಎಲ್ಲಿಯ ಮರೆವು! ಆ ಕೈ ಮತ್ತೆ ಲಾಳಿಯ ಹಗ್ಗ ಎಳೆಯಲಿಲ್ಲ. ಅಪ್ಪ ಬೇರೆಯವರ ಸೀರೆ ಮಡಿಚುವ ಕೆಲಸಕ್ಕೆ ಹೋದ. ಮಗ್ಗದ ಕುಣಿ ಮುಚ್ಚಿ ಮೇಲೆ ಫರಸಿಕಲ್ಲು ಹಾಸಿದರು. ಗಾಡಿ ಗುಜರಿಯವನ ಮೋಡಕಾಕ್ಕೆ ಹೋಯಿತು. ಕಾಕಾ ಮಾತ್ರ ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ಗುಂಡುಕಲ್ಲಿನಂತಿದ್ದಾನೆ.

ಅಪ್ಪ ತೀರಿಕೊಂಡು ನಾಲ್ಕು ವರ್ಷ. ಹೋದ ದಸರೆಗೆ ಕಾಕಾ ನನ್ನ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಿಮ್ಮವ್ವ ಪೂಜೆಯ ಪಾನಾ ಮುಟ್ಟಿ ನಿಮ್ಮಜ್ಜನ ಕೈ ಮುರಿದಳು ಎಂದು ನಗುತ್ತ ಹೇಳುತ್ತಿದ್ದ. ತಡೆಯದೆ ಅಂದೇಬಿಟ್ಟೆ: “ಬ್ರೇಕಿಗಿ ಎಣ್ಣಿ ಬಿಟ್ಟಾವ ನೀನು, ಕಾಕಾ. ಅಪ್ಪಾ ನಾನೂ ಇಬ್ರೂ ಬಿಚ್ಚಿ ನೋಡೇವಿ.”

ಅವನು ಬೆಚ್ಚಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಅಂದ: “ಹೌದಾಗಿದ್ರ ನಿಮ್ಮಪ್ಪ ಒಂದ ಮಾತು ಅಂತಿದ್ದಿಲ್ಲೇನು?”

ಮಗಳು ನನ್ನ ಮುಖ ನೋಡಿದಳು. ಹೌದೆನ್ನಲು ಅಪ್ಪ ಇರಲಿಲ್ಲ.