ಮಜ್ಜಿಗೆಯ ತಳ

ಅಪ್ಪಯ್ಯನ ಎಡ ಮೀನಖಂಡದ ಸುತ್ತಳತೆ ಹನ್ನೆರಡು ಇಂಚು, ಬಲದ್ದು ಹತ್ತು. ಪ್ಲಾಸ್ಟರ್ ತೆಗೆಸಿಕೊಂಡು ತೀರ್ಥಹಳ್ಳಿಯಿಂದ ಮನೆಗೆ ಬಂದ ದಿನ ನಾನೇ ಹೊಲಿಗೆಯ ಟೇಪು ಸುತ್ತಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹುಲ್ಲಿನ ಬಣವೆಯಿಂದ ಬಿದ್ದು ಮುರಿದಿದ್ದ ಮೂಳೆ ಕೂಡಿಕೊಂಡಿತ್ತು. ಆದರೆ ಎರಡು ತಿಂಗಳು ಅಲುಗಾಡದೆ ಇದ್ದ ಕಾಲಿನ ಮಾಂಸ ಕರಗಿಹೋಗಿತ್ತು. ಅಪ್ಪಯ್ಯ ಪ್ರೈಮರಿ ಶಾಲೆಯ ಮಾಸ್ತರರು. ಹೊಸನಗರ ತಾಲ್ಲೂಕಿನ ನಮ್ಮೂರಿನಿಂದ ಶಾಲೆಗೆ ಎರಡು ಮೈಲಿ ಕಾಲುದಾರಿ. ಬೇಸಿಗೆ ರಜೆ ಮುಗಿಯುವುದರೊಳಗೆ ಆ ದಾರಿ ನಡೆಯಲು ಆಗದಿದ್ದರೆ ಕೆಲಸ ಬಿಡಬೇಕಾಗುತ್ತಿತ್ತು.

ಅಮ್ಮ ತೀರಿಹೋಗಿ ಬಹಳ ವರ್ಷವಾಗಿತ್ತು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಕೊನೆಯ ಪರೀಕ್ಷೆ ಬರೆದು ಆಗಷ್ಟೇ ಬಂದಿದ್ದೆ. ಅಪ್ಪಯ್ಯನನ್ನು ಮತ್ತೆ ನಡೆಸುವುದು ನನ್ನ ಕೆಲಸ, ನನ್ನೊಬ್ಬಳದೇ ಕೆಲಸ ಅನ್ನಿಸಿತ್ತು.

ಪಥ್ಯದ ಹೆಸರಿನಲ್ಲಿ ಅಜ್ಜಿ ತನ್ನ ಮಗನಿಗೆ ಮೀನು, ಕೋಳಿ, ಬೇಳೆ ಎಲ್ಲವನ್ನೂ ನಿಲ್ಲಿಸಿದ್ದಳು. ಮಾಂಸ ಬೆಳೆಯಲು ಪ್ರೋಟೀನು ಬೇಕು, ಹಾಲು ಹೆಪ್ಪುಗಟ್ಟಿದಾಗ ಗಟ್ಟಿಯಾಗಿ ನಿಲ್ಲುವುದು ಅದೇ, ದಿನಕ್ಕೆರಡು ಸಲ ಮೊಸರಾದರೂ ಕೊಡೋಣ ಎಂದು ಊಟದ ಹೊತ್ತಿನಲ್ಲಿ ಹೇಳಿದೆ.

"ಮೊಸರಾ? ಮುರಿದ ಕಾಲಿಗೆ ಮೊಸರು ಬಿದ್ರೆ ಬಾತ್ಕೊಳ್ತದೆ. ಗಂಜಿ, ತಿಳಿ ಮಜ್ಜಿಗೆ, ಅಷ್ಟೇ," ಎಂದಳು ಅಜ್ಜಿ.

"ಅಲ್ಲ ಅಜ್ಜಿ, ಪ್ರೋಟೀನು..."

"ಆ ನಿನ್ನ ಪ್ರೋಟೀನು ಮೈಸೂರಲ್ಲೇ ಇರ್ಲಿ ಮಾರಾಯ್ತಿ. ಇವನನ್ನ ಹೆತ್ತಿದ್ದು ನಾನಾ, ನಿನ್ನ ಕಾಲೇಜಾ?"

ಅಪ್ಪಯ್ಯ ತಲೆ ತಗ್ಗಿಸಿ ಗಂಜಿ ಕುಡಿದರು. ಅತ್ತಿಗೆ ಅವರ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದಳು.

ಅಣ್ಣನ ಹೆಂಡತಿಯಾದ ಈ ಅತ್ತಿಗೆ ನನಗಿಂತ ಒಂದು ವರ್ಷ ಚಿಕ್ಕವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ತವರೂರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಮನೆಯವರು ಸಾಗರದ ಹತ್ತಿರ ಬಂದು ನೆಲೆಸಿದ್ದರು. ನಮ್ಮ ಮನೆ ಸೇರಿ ಒಂದು ವರ್ಷವಾಗಿತ್ತಷ್ಟೆ. ನೀರು ಬೇಕಾದಾಗ ಅಪ್ಪಯ್ಯ ಪಕ್ಕದಲ್ಲೇ ಕೂತ ನನ್ನನ್ನು ದಾಟಿ ಅಡುಗೆಮನೆಯ ಕಡೆ ನೋಡಿ "ಮಗಾ" ಎಂದು ಕರೆಯುತ್ತಿದ್ದರು. ನಾನು ಹಾಸ್ಟೆಲಿಗೆ ಹೋಗುವ ಮೊದಲು ಅವರು ಹಾಗೆ ಕರೆಯುತ್ತಿದ್ದುದು ನನ್ನನ್ನು.

ಬೆಳಿಗ್ಗೆ ಸಂಜೆ ಇಪ್ಪತ್ತಿಪ್ಪತ್ತು ಸಲ ಕಾಲು ಎತ್ತಿಸಿದೆ. ಭಾನುವಾರಕ್ಕೊಮ್ಮೆ ಅಳೆದೆ. ಮೊದಲ ಎರಡು ವಾರ ಟೇಪು ಕದಲಲಿಲ್ಲ. ಮೂರನೆಯ ವಾರ ಎರಡು ಗೆರೆ ಏರಿತು, ನಾಲ್ಕನೆಯ ವಾರ ಇನ್ನೆರಡು. 'ಕಾರಣ: ವ್ಯಾಯಾಮ' ಎಂದು ಬರೆದು ಅಡಿಗೆರೆ ಎಳೆದೆ.

ಮರುದಿನ ಬೆಳಿಗ್ಗೆ ಬೇಗ ಅಡುಗೆಮನೆಗೆ ಹೋದೆ. ಬೆಣ್ಣೆ ತೆಗೆದ ಮಜ್ಜಿಗೆಯನ್ನು ಅತ್ತಿಗೆ ಹಿಂದಿನ ದಿನವೇ ಗಡಿಗೆಯಲ್ಲಿ ಅಲುಗಿಸದೆ ಇಟ್ಟಿದ್ದಳು. ಮೇಲೆ ತಿಳಿನೀರು ನಿಂತಿತ್ತು. ಅದನ್ನು ಮೆಲ್ಲಗೆ ಬಗ್ಗಿಸಿ, ತಳದಲ್ಲಿ ಉಳಿದ ಬಿಳಿಯ ಗಟ್ಟಿಯನ್ನು ಅಪ್ಪಯ್ಯನ ಲೋಟಕ್ಕೆ ಸುರಿದು ಉಪ್ಪು ಕದಡಿದಳು. ನನ್ನನ್ನು ಕಂಡು ನಕ್ಕಳು.

"ಇದೂ ಮಜ್ಜಿಗೆನೇ ಅಲ್ವಾ? ಮಜ್ಜಿಗೆ ಬೇಡ ಅಂತ ಅಜ್ಜಿ ಹೇಳಿಲ್ಲ. ಗಟ್ಟಿ ಇರೋದ್ರಲ್ಲೇ ಶಕ್ತಿ ಅಂತ ನೀವು ಅಂದ್ರಲ್ಲ, ಅವತ್ತಿಂದ ಹಿಂಗೇ ಮಾಡ್ತಿದೀನಿ."

ನಾನು ಹೇಳಿದ್ದನ್ನೇ ಮಾಡಿದ್ದಳು. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನಾನು ವಾದ ಮಾಡಿ ಸೋತ ಕಡೆ ಅವಳು ವಾದವನ್ನೇ ಮಾಡದೆ ಗೆದ್ದಿದ್ದಳು.

ಮಧ್ಯಾಹ್ನ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಹೋಗಿ, "ಅತ್ತಿಗೆ ಮಜ್ಜಿಗೆಯ ತಿಳಿಯೆಲ್ಲ ಬಗ್ಗಿಸಿ ಅಪ್ಪಯ್ಯಂಗೆ ಬರೀ ಗಟ್ಟಿ ಕೊಡ್ತಿದಾರೆ," ಎಂದೆ. ದನಿ ಏರಿಸಲಿಲ್ಲ. ಪ್ರಯೋಗಶಾಲೆಯಲ್ಲಿ ವರದಿ ಒಪ್ಪಿಸುವ ಹಾಗೆ ಹೇಳಿದೆ.

ಮರುದಿನದಿಂದ ಅಜ್ಜಿಯೇ ನೀರು ಬೆರೆಸಿದ ಮಜ್ಜಿಗೆ ಕೊಡತೊಡಗಿದಳು. ಹೇಳಿದ್ದು ಯಾರು ಎಂದು ಅತ್ತಿಗೆ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಭಾನುವಾರ ಟೇಪು ಒಂದು ಗೆರೆ ಇಳಿಯಿತು. ಶಾಲೆ ತೆರೆಯಲು ಎರಡೇ ವಾರ ಉಳಿದಿತ್ತು. ಅಪ್ಪಯ್ಯ ಗೋಡೆ ಹಿಡಿದು ಜಗಲಿಯವರೆಗೆ ಹೋಗಿ, ಅಲ್ಲೇ ಕೂತುಬಿಟ್ಟರು.

ನೋಟ್‌ಬುಕ್ಕು ತೆಗೆದುಕೊಂಡು ಅಜ್ಜಿಯ ಮುಂದೆ ನಿಂತೆ. "ನಾನು ಚಾಡಿ ಹೇಳಿದ್ದು ತಪ್ಪಾಯ್ತು. ಗಟ್ಟಿ ನಿಲ್ಸಿದ ಮೇಲೆ ಕಾಲು ಇಳೀತಿದೆ. ಇಲ್ಲಿ ನೋಡು."

"ನಂಗೆ ನಿನ್ನ ಅಂಕಿ ಓದಕ್ಕೆ ಬರ್ತದಾ?"

ಅತ್ತಿಗೆ ಒಳಗೆ ಹೋಗಿ ಒಂದು ಕಟ್ಟು ಬಾಳೆನಾರು ತಂದಳು. ಭಾನುವಾರ ಮಾವನ ಕಾಲಿಗೆ ಎಣ್ಣೆ ಹಚ್ಚುವಾಗ ನಾರು ಸುತ್ತಿ, ಸುತ್ತಿದಷ್ಟಕ್ಕೆ ಕತ್ತರಿಸಿ ಇಡುತ್ತಿದ್ದಳಂತೆ. "ಟೇಪು ಕೇಳಕ್ಕೆ ಸಂಕೋಚ ಆಯ್ತು," ಎಂದು ನನ್ನ ಕಡೆ ನೋಡದೆ ಹೇಳಿದಳು. ಅಳತೆಯಾದರೂ ನನ್ನದು ಅಂದುಕೊಂಡಿದ್ದೆ.

ಅಜ್ಜಿ ಐದು ನಾರುಗಳನ್ನೂ ಸಾಲಾಗಿ ಹಿಡಿದು ತುದಿಗಳನ್ನು ಬೆರಳಿನಿಂದ ಸವರಿದಳು. ಮೊದಲೆರಡು ಸಮ, ಆಮೇಲಿನ ಎರಡು ಒಂದಕ್ಕಿಂತ ಒಂದು ಉದ್ದ, ಕೊನೆಯದು ಅದರ ಹಿಂದಿನದಕ್ಕಿಂತ ಗಿಡ್ಡ.

"ಉದ್ದ ಆಗಿದ್ದು ಬಾವು ಅಲ್ಲ ಅಂತ ಹೆಂಗೆ ಹೇಳ್ತೀಯೆ?"

"ಬಾವಾದ್ರೆ ಒತ್ತಿದಲ್ಲಿ ಗುಳಿ ಬೀಳ್ತದೆ ಅಜ್ಜಿ. ನೀವೇ ಒತ್ತಿ ನೋಡಿ," ಎಂದಳು ಅತ್ತಿಗೆ.

ಅಜ್ಜಿ ಹೋಗಿ ಮಗನ ಕಾಲನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದಳು. ಗುಳಿ ಬೀಳಲಿಲ್ಲ. "ಸೈ. ಮುಂಚಿನ ಹಂಗೇ ಕೊಡು," ಎಂದು ಅತ್ತಿಗೆಗೆ ಹೇಳಿದಳು. ನನ್ನ ನೋಟ್‌ಬುಕ್ಕನ್ನು ಯಾರೂ ಮುಟ್ಟಲಿಲ್ಲ.

ಶಾಲೆ ತೆರೆದ ದಿನ ಅಪ್ಪಯ್ಯ ಕೋಲೂರಿಕೊಂಡು ಹೊರಟರು. ನಿಧಾನವಾಗಿ, ಆದರೆ ಯಾರನ್ನೂ ಹಿಡಿಯದೆ ಅಂಗಳ ದಾಟಿ ತಿರುಗಿ, "ಮಗಾ, ಮಜ್ಜಿಗೆ ಮರ್ತೆ," ಎಂದು ಕೂಗಿದರು. ನಾನು ಎದ್ದೆ. ಅಷ್ಟರಲ್ಲಿ ಅತ್ತಿಗೆ ಗಿಂಡಿ ಹಿಡಿದು ಓಡಿದ್ದಳು.

ಅಡುಗೆಮನೆಯ ಮೊಳೆಗೆ ನಾರಿನ ಕಟ್ಟು ನೇತಾಡುತ್ತಿತ್ತು. ಅದನ್ನು ಇಳಿಸಿ ಒಂದೊಂದನ್ನೂ ಟೇಪಿಗೆ ಹಿಡಿದು ನನ್ನ ಅಂಕಿಗಳ ಜೊತೆ ಹೋಲಿಸಿದೆ. ಒಂದಾದರೂ ತಪ್ಪಿರಲಿ ಎಂದುಕೊಳ್ಳುತ್ತಲೇ ಅಳೆದೆ. ಒಂದೂ ತಪ್ಪಿರಲಿಲ್ಲ.

ನೋಟ್‌ಬುಕ್ಕಿನಲ್ಲಿ 'ವ್ಯಾಯಾಮ' ಎಂಬುದರ ಮುಂದೆ 'ಮಜ್ಜಿಗೆಯ ತಳದ ಗಟ್ಟಿ' ಎಂದು ಸೇರಿಸಿದೆ. ಕೊಟ್ಟವರು ಯಾರು ಎಂದು ಬರೆಯಲು ಆ ಸಾಲಿನಲ್ಲಿ ಇನ್ನೂ ಜಾಗವಿತ್ತು. ಬರೆಯಲಿಲ್ಲ.