ಅರಿಶಿನ ಹಚ್ಚದ ಎಲೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಅಕ್ಕನ ವಿಷಯದಲ್ಲಿ ಕೊಡದೇ ಹೋಗಿದ್ದು ಫ್ಯಾನು. ಗಂಡ ತೀರಿಹೋಗಿ ಏಳು ವರ್ಷವಾದ ಮೇಲೆ ಜಡೆ ಊರಿನ ಒಬ್ಬ ಮೇಷ್ಟ್ರು ಅವಳನ್ನು ಮದುವೆಗೆ ಕೇಳಿದ್ದರು, ಅವಳಿಗೂ ಮನಸ್ಸಿತ್ತು. ಅಮ್ಮ ಗುಡಿಗೆ ಹೋಗಿ ಹೂ ಪ್ರಸಾದ ಕೇಳಿದಳು. ದೇವರ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿತ್ತು. ಯಾರೋ ಭಕ್ತರು ಬಲಗಡೆ ಗೋಡೆಗೆ ಹೊಸ ಫ್ಯಾನು ಹಾಕಿಸಿದ್ದಾರೆ, ಅದು ತಿರುಗುವಾಗ ರುಬ್ಬುಗುಂಡು ಇಟ್ಟರೂ ಎಡಕ್ಕೇ ಬೀಳುತ್ತದೆ ಎಂದು ನಾನು ಹೇಳಿದೆ.

"ದೇವ್ರಿಗೆ ಗಾಳಿ ಯಾವ ಲೆಕ್ಕನೇ?" ಎಂದಳು ಅಮ್ಮ. ಅಕ್ಕ ಒಳಗೆ ಹೋಗಿ ರೊಟ್ಟಿ ತಟ್ಟಿದಳು. ಅವತ್ತಿನ ರೊಟ್ಟಿಗಳು ಪೇಪರಿನಷ್ಟು ತೆಳ್ಳಗಿದ್ದವು.

ಅದೇ ಹೊತ್ತಿಗೆ ನನಗೆ ಟ್ಯಾರೋ ಹುಚ್ಚು ಹಿಡಿದಿತ್ತು. ಶಿರಾಳಕೊಪ್ಪದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸಿನ ಅಳತೆ ಕೊಡಲು ನಿಂತ ಹೆಂಗಸರು ಮನೆಯ ಗೋಳೆಲ್ಲ ಹೇಳುತ್ತಾರೆ, ಅದಕ್ಕೊಂದು ಪರಿಹಾರವನ್ನೂ ಹೊಲಿದು ಕೊಟ್ಟರೆ ಹೇಗೆ ಎಂದು ನನ್ನ ಯೋಚನೆ. ಫೋನಿನಲ್ಲಿ ನೋಡಿದೆ. ಭವಿಷ್ಯ ಹೇಳುವ ಚಿತ್ರದ ಎಲೆಗಳು, ಪೂರ್ತಿ ಕಟ್ಟಿಗೆ ಎಪ್ಪತ್ತೆಂಟು, ಅದರಲ್ಲಿ ರಥ, ಮೂರ್ಖ, ಸಾವು ಎಂದೆಲ್ಲ ಹೆಸರಿರುವ ಮುಖ್ಯವಾದವು ಇಪ್ಪತ್ತೆರಡು. ಸ್ವಂತ ಕೈಯಿಂದ ಮಾಡಿದ ಕಟ್ಟು ನಿಜ ಹೇಳುತ್ತದಂತೆ. ಎಪ್ಪತ್ತೆಂಟು ಚಿತ್ರ ಬರೆಯಲು ನನಗೇನು ತಲೆ ಕೆಟ್ಟಿದೆಯೇ? ಇಪ್ಪತ್ತೆರಡು ಸಾಕು ಎಂದುಕೊಂಡೆ.

ಗಟ್ಟಿ ಹಾಳೆ ಬೇಕಿತ್ತು. ಅಟ್ಟದ ಟ್ರಂಕಿನಲ್ಲಿ ಅಕ್ಕನ ಮದುವೆಗೆ ಹಂಚಿ ಉಳಿದ ಲಗ್ನಪತ್ರಿಕೆಗಳಿದ್ದವು. ಬಿಳಿ ಕಾರ್ಡು, ಎರಡೂ ಬದಿ ನಾಲ್ಕೂ ಮೂಲೆಗೆ ಆಗಲೇ ಅರಿಶಿನ ಹಚ್ಚಿದ್ದು. ಎಣಿಸಿದರೆ ಇಪ್ಪತ್ತೊಂದು. ಟ್ರಂಕಿನ ತಳದಲ್ಲಿ, ಹಳೇ ಸೀರೆಯ ಮಡಿಕೆಯೊಳಗೆ, ಅದೇ ಅಳತೆಯದು ಇನ್ನೊಂದು ಸಿಕ್ಕಿತು: ಭಾವನ ಶಿವಗಣಾರಾಧನೆಯ ಪತ್ರಿಕೆ. ಸಾವಿನ ಊಟದ ಕರೆಯನ್ನು ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ಓದಿ ಹೊರಗೇ ಹರಿದು ಹಾಕುತ್ತಾರೆ. ಅಕ್ಕ ಬಚ್ಚಿಟ್ಟಿದ್ದಳು. ಮರ್ಯಾದೆಯಾಗಿ ವಾಪಸ್ ಇಡಬೇಕಿತ್ತು. ನನಗೆ ಹೊಳೆದಿದ್ದು, ಸಾವಿನ ಎಲೆಗೆ ಇದಕ್ಕಿಂತ ಸರಿಯಾದ ಹಾಳೆ ಎಲ್ಲಿ ಸಿಕ್ಕೀತು ಎಂದು. ಈಗ ನಾಚಿಕೆಯಾಗುತ್ತದೆ. ಆಗ ಖುಷಿಯಾಗಿತ್ತು.

ಅಚ್ಚಿನ ಬದಿಗೆ ಡ್ರಾಯಿಂಗ್ ಹಾಳೆ ಅಂಟಿಸಿ ಚಿತ್ರ ಬರೆದೆ. ರಥದ ಎಲೆಗೆ ಸೊರಬದ ಬಸ್ಸು, ಬಾಗಿಲಲ್ಲಿ ಜೋತಾಡುವ ಕಂಡಕ್ಟರ್. ಮೂರ್ಖನಿಗೆ ನನ್ನ ಗಂಡನ ಮುಖ. ಸಂಜೆ ಪಾಪ ಟೀ ಮಾಡಿಕೊಟ್ಟ ಮೇಲೆ ಮೀಸೆ ಅಳಿಸಿದೆ. ಅಸ್ಥಿಪಂಜರ ಬರೆಯಲು ಬರಲಿಲ್ಲ, ಸಾವಿಗೆ ಮರದ ಕೆಳಗೆ ಸತ್ತುಬಿದ್ದ ಮಂಗ ಬರೆದೆ. ಮಂಗನ ಕಾಯಿಲೆ ಮೊದಲು ಕಂಡ ಕ್ಯಾಸನೂರು ಪಕ್ಕದಲ್ಲೇ ಇರುವಾಗ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಭಾನುವಾರ ಅಮ್ಮ ತಾನಾಗಿಯೇ ಅಕ್ಕನನ್ನು ಕರೆತಂದು ಕೂರಿಸಿದಳು. "ದೇವ್ರನ್ನ ಎರಡ್ ಸಲ ಕೇಳೋ ಹಂಗಿಲ್ಲ. ನಿನ್ನ ಇಸ್ಪೀಟ್ ಎಲೆಗೆ ಅಂಥಾ ಮರ್ಯಾದೆ ಏನೂ ಇಲ್ವಲ್ಲ, ಕೇಳು." ಆಮೇಲೆ ಅಕ್ಕನ ಕಡೆ ನೋಡದೆ ಹೇಳಿದಳು, "ಇನ್ನೊಂದ್ ಸಲ ಇವಳ ಮುಖ ಅವತ್ತಿನ ಹಂಗೆ ನೋಡಕ್ಕಾಗಲ್ಲ ನಂಗೆ."

ನಾನು ಎಲೆ ಕಲೆಸತೊಡಗಿದೆ.

"ಮೊದ್ಲು ಫ್ಯಾನ್ ಆಫ್ ಮಾಡು," ಎಂದಳು ಅಮ್ಮ.

ಚಾಪೆಯ ಮೇಲೆ ಬೋರಲಾಗಿ ಹರಡಿದಾಗಲೇ ನನ್ನ ತಪ್ಪು ಕಣ್ಣಿಗೆ ಬಿದ್ದಿದ್ದು. ಇಪ್ಪತ್ತೊಂದಕ್ಕೆ ಹಳದಿ ಮೂಲೆ, ಒಂದು ಬೋಳು. ಅದಕ್ಕೂ ಒಂದಿಷ್ಟು ಅರಿಶಿನ ಮೆತ್ತುವುದನ್ನು ಮರೆತಿದ್ದೆ. ಸಾವಿನ ಎಲೆ ಯಾವುದೆಂದು ಹಿಂಬದಿಯಿಂದಲೇ ನಮ್ಮ ಬೆಕ್ಕಿಗೂ ಗೊತ್ತಾಗುವಂತಿತ್ತು.

ಅಕ್ಕನ ಕೈ ಸೀದಾ ಅದರ ಮೇಲೆ ಹೋಗಿ ನಿಂತಿತು. "ಇದು ನಂದು," ಎಂದಳು. "ನನ್ ಸೀರೆ ಒಳಗಿಂದ ತೆಗ್ದಿದ್ಯಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಮ್ಮ ಅವಳ ಮಣಿಕಟ್ಟು ಹಿಡಿದು ಸರಿಸಿ ಆ ಎಲೆ ಎತ್ತಿಕೊಂಡಳು. ಮಂಗನನ್ನು ನೋಡಿದಳು. ಅಂಚಿನಲ್ಲಿ ಎದ್ದಿದ್ದ ಹಾಳೆ ಸುಲಿದು ಕೆಳಗಿನ ಅಕ್ಷರ ಓದಿದಳು.

"ಏಳ್ ವರ್ಷ ಇದನ್ನ ಒಳಗಿಟ್ಕಂಡಿದ್ಯಾ?"

"ಹರಿಯಕ್ಕೆ ಕೈ ಬರ್ಲಿಲ್ಲಮ್ಮ."

ಅಮ್ಮ ಎದ್ದು ಹೊಸ್ತಿಲು ದಾಟಿ ರಸ್ತೆಯ ಬದಿಗೆ ಹೋದಳು. ಕಾರ್ಡನ್ನು ಒಮ್ಮೆ ಹಣೆಗೆ ಮುಟ್ಟಿಸಿಕೊಂಡು, ಸಣ್ಣ ಸಣ್ಣ ಚೂರು ಮಾಡಿ ಹಾಕಿದಳು. ಆ ಮಂಗನಿಗೆ ನನ್ನ ಮೂರು ದಿನ ಹಿಡಿದಿತ್ತು, ಆದರೆ ಬಾಯಿ ಬಿಡುವ ಹೊತ್ತಲ್ಲ. ಅಮ್ಮ ಬಚ್ಚಲಲ್ಲಿ ಕೈಕಾಲು ತೊಳೆದು ಬಂದು ಕೂತಳು.

"ಈಗ ತೆಗಿ," ಎಂದಳು.

ಚಾಪೆಯ ಮೇಲೆ ಉಳಿದಿದ್ದವೆಲ್ಲ ಅರಿಶಿನದವೇ. ಇದು ಶುದ್ಧ ಮೋಸ ಎಂದು ಹೇಳಲು ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಮುಚ್ಚಿದೆ. ನನಗೂ ಅಳು ಬರುತ್ತಿತ್ತು. ಅಕ್ಕ ಕಣ್ಣೊರೆಸಿಕೊಂಡು ಒಂದು ಎಲೆ ಎತ್ತಿದಳು. ಅದನ್ನು ತಿರುಗಿಸಿ ಚಿತ್ರ ನೋಡಲು ಅಮ್ಮ ಬಿಡಲಿಲ್ಲ. ಮೂಲೆಯ ಅರಿಶಿನದ ಮೇಲೆ ಬೆರಳಿಟ್ಟು, "ಬಲಕ್ಕೆ ಬಿತ್ತು," ಎಂದಳು.